ಅಜ್ಜಿಗೆ ಯಾವ ಹಡಗು?

ಫೆಬ್ರವರಿ 4, ಭಾನುವಾರ

ಮಧ್ಯಾಹ್ನ ಊಟಕ್ಕೆ ಕೂತಿದ್ವಿ. ಅಜ್ಜಿ, ಉಪ್ಪು ಈ ಕಡೆ ಕೊಡು ಅನ್ನೋ ದನೀಲಿ, "ನಾನು ಇನ್ಮೇಲೆ ಹಡಗಲ್ಲಿ ಇರ್ತೀನಿ" ಅಂದ್ಲು.

ಅಪ್ಪ ಕೇಳಿದ, "ಪ್ರವಾಸಕ್ಕಾ ಅಮ್ಮ? ಎಷ್ಟು ದಿನ?"

"ಪ್ರವಾಸ ಅಲ್ಲವೋ, ಇರೋಕೆ. ಉಳಿದಿರೋ ಕಾಲ."

ಪೇಪರಲ್ಲಿ ಓದಿದ್ಲಂತೆ. ಯಾರೋ ಮುದುಕಿ ಮನೆ ಬಿಟ್ಟು ಕ್ರೂಸ್ ಹಡಗಲ್ಲೇ ವರ್ಷಗಟ್ಟಲೆ ಇದ್ದಾಳೆ. ಮೂರು ಹೊತ್ತು ಊಟ, ಹಾಸಿಗೆ ಹಾಸೋಕೆ ಜನ, ಕೆಳಗಡೆ ಡಾಕ್ಟ್ರು. "ನಿಮ್ಮಪ್ಪನ ಅಂಗಡಿ ಮಾರಿದ ದುಡ್ಡು ಬ್ಯಾಂಕಲ್ಲಿ ಕೂತಿದೆ, ನಾನು ಇಲ್ಲಿ ಕೂತಿದ್ದೀನಿ. ಇಬ್ಬರೂ ಒಟ್ಟಿಗೆ ಸುತ್ತಾಡಿ ಬರ್ತೀವಿ ಬಿಡು."

"ಜನ ಏನಂತಾರೆ? ಹೆತ್ತ ತಾಯೀನ ಸಮುದ್ರಕ್ಕೆ ಹಾಕಿದ ಅಂತಾರೆ!"

ಅಮ್ಮ ಸಾರು ತರೋಕೆ ಎದ್ದು ಹೋದ್ಲು. ಅಮ್ಮ ಜಾಣೆ.

ಕೊನೆಗೆ ಎಲ್ಲರ ಕಣ್ಣು ನನ್ನ ಮೇಲೆ ಬಿತ್ತು. ಬೀಳ್ಲೇಬೇಕು. ಈ ಮನೇಲಿ ಹಡಗಿನ ವಿಷಯಕ್ಕೆ ಸುಪ್ರೀಂ ಕೋರ್ಟು ನಾನೇ. 'ಚಿಮಣಿ ಸಂಘ' ಅನ್ನೋ ಹನ್ನೆರಡು ಸಾವಿರ ಜನರ ಚಾಟ್ ಗುಂಪಲ್ಲಿ ನನ್ನ ಹೆಸರು ಡೆಕ್‌ರಾಣಿ. ಯಾವ ಕಂಪನಿ ಬಫೆ ಚೆನ್ನಾಗಿದೆ, ಯಾವ ಡೆಕ್ಕಲ್ಲಿ ರೂಮು ತಗೋಬಾರದು, ಯಾರ ಶೋಗೆ ನಿದ್ದೆ ಬರುತ್ತೆ, ನನ್ನ ಕೇಳದೆ ಅಲ್ಲಿ ಯಾರೂ ಟಿಕೆಟ್ ತಗೊಳಲ್ಲ. ನಾನು ಇವತ್ತಿನವರೆಗೂ ಒಂದು ಹಡಗನ್ನೂ ಹತ್ತಿಲ್ಲ ಅನ್ನೋದು ಸಣ್ಣ ವಿಷಯ. ಕ್ರಿಕೆಟ್ ಬಗ್ಗೆ ಬಾಯಿ ಬಡ್ಕೊಳೋರೆಲ್ಲ ಬ್ಯಾಟ್ ಹಿಡಿದಿದ್ದಾರಾ?

ತೀರ್ಮಾನ ಇಷ್ಟು. ಮೂರು ಕಂಪನಿ, ಮೂರು ಹಡಗು, ಒಂದೊಂದು ವಾರ. ಅಜ್ಜಿ ಜೊತೆ ನಾನು. ಯಾವುದು ಇರೋಕೆ ಲಾಯಕ್ಕು ಅಂತ ನಾನು ಹೇಳ್ತೀನೋ ಅದು. ಒಂದೂ ಲಾಯಕ್ಕಿಲ್ಲ ಅಂದ್ರೆ ಅಜ್ಜಿ ಮತ್ತೆ ಈ ಮಾತು ಎತ್ತೋ ಹಾಗಿಲ್ಲ. ಅಪ್ಪ ತಕ್ಷಣ ಒಪ್ಪಿದ. ಅವನಿಗೆ 'ಇಲ್ಲ' ಅನ್ನೋ ಕೆಲಸ ಇನ್ನೊಬ್ಬರು ಮಾಡಿಕೊಟ್ರೆ ಸ್ವರ್ಗ.

ಇದರಲ್ಲಿ ನನಗಿರೋ ಲಾಭ ಯಾರಿಗೂ ಹೊಳೀಲಿಲ್ಲ. ನಾಲ್ಕನೇ ಕ್ಲಾಸಿಂದ ನಾನೂ ಅಜ್ಜೀನೂ ಒಂದೇ ರೂಮು. ಅವಳ ಗೊರಕೆ, ಅವಳ ರೇಡಿಯೋ, ಅವಳ ಮಂಡಿ ನೋವಿನ ಮುಲಾಮು. ಅವಳ ಮಂಚ ಇರೋ ಜಾಗದಲ್ಲಿ ಒಂದು ದೊಡ್ಡ ಮೇಜು ಹಿಡಿಯುತ್ತೆ. ಟೇಪ್ ಹಿಡಿದು ಅಳತೆ ತಗೊಂಡಾಯ್ತು.

ಫೆಬ್ರವರಿ 10, ಶನಿವಾರ

ಬಂದರಿಗೆ ಹೋಗಿದ್ದೆ. ಶನಿವಾರ ಹಡಗು ಹೊರಡೋವಾಗ ಹಾರ್ನ್ ವಿಡಿಯೋ ಮಾಡೋದು ನನ್ನ ಸೇವೆ. ಮೊನ್ನೆಯಷ್ಟೇ ಯಾರೋ ಹೊಸಬ ಗುಂಪಲ್ಲಿ ಹಾಕಿದ ವಿಡಿಯೋ ಮಧ್ಯದಲ್ಲಿ ಅಲ್ಲಾಡಿತ್ತು. ಯಾಕಪ್ಪಾ ಅಂದ್ರೆ 'ಟಾಟಾ ಮಾಡ್ತಿದ್ದೆ' ಅಂದ. ಎಂಥ ಅವಮಾನ. ದಡದಲ್ಲಿ ನಿಂತು ಕೈ ಬೀಸೋರು ಸಾಮಾನ್ಯ ಜನ. ನಾವು ಕ್ಯಾಮೆರಾ ಗಟ್ಟಿಯಾಗಿ ಹಿಡೀತೀವಿ.

ಇವತ್ತು ಅಜ್ಜೀನೂ ಬಂದಿದ್ಲು. ಗೊತ್ತಿರೋರು ಒಬ್ಬರೂ ಇಲ್ಲದ ಹಡಗಿಗೆ ಎರಡೂ ಕೈ ಎತ್ತಿ ಬೀಸಿದ್ಲು. ಡೆಕ್ ಮೇಲಿಂದ ಯಾರೋ ವಾಪಸ್ ಬೀಸಿದ್ರು. "ನೋಡು, ಲೈನ್ ಸಿಕ್ತು" ಅಂದ್ಲು. ರಿಟೈರ್ ಆಗೋವರೆಗೂ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಆಪರೇಟರ್ ಆಗಿದ್ದವಳು. ಆ ಕಾಲದಲ್ಲಿ ಊರಲ್ಲಿ ಯಾರು ಯಾರಿಗೆ ಫೋನ್ ಮಾಡಿದ್ರೂ ಮೊದಲು ಇವಳ ದನಿ: "ಲೈನಲ್ಲಿರಿ, ಕೊಡ್ತೀನಿ."

ವಿಡಿಯೋದಲ್ಲಿ ಅವಳ ಬಳೆ ಸದ್ದು ಸೇರಿಕೊಂಡಿದೆ. ಎಡಿಟ್ ಮಾಡ್ಬೇಕು.

ಮಾರ್ಚ್ 9, ಶನಿವಾರ. ನೀಲಿಚಿಮಣಿ

ಹತ್ತಿದ್ವಿ! ನಮ್ಮ ಗುಂಪಲ್ಲಿ ಕಂಪನಿಗಳನ್ನ ಹೆಸರು ಹಿಡಿದು ಕರೆಯೋದು ಅವಮರ್ಯಾದೆ, ಹಡಗಿನ ನೆತ್ತಿ ಮೇಲಿರೋ ಹೊಗೆ ಚಿಮಣಿ ಬಣ್ಣದಿಂದಲೇ ಕರೀತೀವಿ. ನಾನು ಹುಟ್ಟಾ ನೀಲಿ ಅಭಿಮಾನಿ. ಐದಕ್ಕೆ ನಾಲ್ಕೂವರೆ ಮಾರ್ಕ್ಸು ಹತ್ತೋಕೆ ಮುಂಚೇನೇ ಕೊಟ್ಟಿಟ್ಟಿದ್ದೆ.

ಹಡಗಲ್ಲ ಇದು, ನೀರಲ್ಲಿ ಮಲಗಿಸಿಟ್ಟ ಅಪಾರ್ಟ್‌ಮೆಂಟು. ಮೇಲೆ ಜಾರುಬಂಡೆ, ಕೆಳಗೆ ಐಸ್ ಮೇಲೆ ಸ್ಕೇಟಿಂಗ್, ನಡುವೆ ಜ್ಯೂಸ್ ಬೆರೆಸೋ ರೋಬೋಟ್ ಕೈ. ಊಟದ ಟೇಬಲ್ಲು, ಶೋ ಸೀಟು, ಟವೆಲ್ಲು, ಎಲ್ಲ ಆ್ಯಪಲ್ಲಿ. ಹಡಗು ಮುಳುಗಿದ್ರೆ ಎಲ್ಲಿ ನಿಲ್ಲಬೇಕು ಅನ್ನೋದನ್ನೂ ಫೋನಲ್ಲೇ ವಿಡಿಯೋ ತೋರಿಸಿ ಮುಗಿಸಿದ್ರು. ಹಿಂದೆಲ್ಲ ಪ್ರಯಾಣಿಕರನ್ನ ಡೆಕ್ ಮೇಲೆ ಸಾಲಾಗಿ ನಿಲ್ಲಿಸಿ ಡ್ರಿಲ್ ಮಾಡಿಸ್ತಿದ್ರು, ಈಗ ಆ ಕಾಟ ಇಲ್ಲ ಅಂತ ಅಜ್ಜಿಗೆ ಹೆಮ್ಮೆಯಿಂದ ಹೇಳಿದೆ.

"ಹಾಗಾದ್ರೆ ಮುಳುಗೋವಾಗ ಪಕ್ಕದಲ್ಲಿ ಯಾರಿರ್ತಾರೆ ಅಂತ ಗೊತ್ತಾಗೋದು ಹೆಂಗೆ?" ಅಂದ್ಲು.

ಆ್ಯಪಲ್ಲಿ ಹುಡುಕಿದೆ, ಟವೆಲ್ ಬುಕ್ಕಿಂಗ್ ತೆರೀತು.

ಮಾರ್ಚ್ 11

ವಾಂತಿ.

ಮಾರ್ಚ್ 12, ಮಂಗಳವಾರ

ಮತ್ತೆ ವಾಂತಿ. ಗುಂಪಿಗೆ 'ಸಮುದ್ರ ಇವತ್ತು ಸ್ವಲ್ಪ ಉತ್ಸಾಹದಲ್ಲಿದೆ' ಅಂತ ಹಾಕಿದೆ. ನಾನೂರು ಲೈಕು.

ಅಜ್ಜಿಗೆ ಏನೂ ಆಗಿಲ್ಲ. ಗುಂಡುಕಲ್ಲು. ಬಫೆಯಿಂದ ಹಸಿರು ಸೇಬು ತಂದು, ಸಿಪ್ಪೆ ತೆಗೆದು, ಒಂದೊಂದೇ ಹೋಳು ಬಾಯಿಗಿಟ್ಟಳು. ನನ್ನ ಕೂದಲು ಹಿಂದಕ್ಕೆ ಹಿಡ್ಕೊಂಡು, "ಲೈನಲ್ಲಿರಿ, ಹೊಟ್ಟೆಯವರು ಮಾತಾಡ್ತಿದ್ದಾರೆ" ಅಂತಾಳೆ. ನಗೋಕೆ ಹೋಗಿ ಮತ್ತೆ ವಾಂತಿ.

ಮಾರ್ಚ್ 15, ಶುಕ್ರವಾರ

ಎದ್ದೆ, ತಿಂದೆ, ಜಾರುಬಂಡೆ ಜಾರಿದೆ. ಅಜ್ಜಿ ಲಿಫ್ಟಲ್ಲಿ ಎಲ್ಲರಿಗೂ ನಮಸ್ಕಾರ ಹೇಳಿದ್ಲು, ಎಲ್ಲರೂ ಫೋನಲ್ಲಿ ಟೇಬಲ್ ಬುಕ್ ಮಾಡ್ತಿದ್ರು. ಸಂಜೆ ಹೇಗಿದೆ ಅಂತ ಕೇಳಿದೆ.

"ಸಂತೆ ಚೆನ್ನಾಗಿದೆ ಕಣೆ. ಮಾತಾಡೋರಿಲ್ಲ ಅಷ್ಟೆ."

ನೀಲಿ: ಮೂರೂವರೆ. ಅರ್ಧ ಸಮುದ್ರದ ತಪ್ಪಿಗೆ, ಅರ್ಧ ಅಜ್ಜಿಗೆ ಇಷ್ಟ ಆಗದ್ದಕ್ಕೆ. ತಲೆ ಕೆಡಿಸ್ಕೊಳೋದೇನಿಲ್ಲ, ಬಿಳಿಚಿಮಣಿ ವಯಸ್ಸಾದವರಿಗೆ ಅಂತಲೇ ಕಟ್ಟಿದ್ದು. ಅಲ್ಲಿ ಗ್ಯಾರಂಟಿ. ಮೇಜು ಆರ್ಡರ್ ಮಾಡಿದೆ.

ಏಪ್ರಿಲ್ 13, ಶನಿವಾರ. ಬಿಳಿಚಿಮಣಿ

ಒಳಗೆ ಕಾಲಿಟ್ರೆ ಕಾಲು ಮುಳುಗುತ್ತೆ, ಅಷ್ಟು ದಪ್ಪ ಕಾರ್ಪೆಟ್ಟು. ಪಿಯಾನೋ. ಲೈಬ್ರರಿ. ಎಲ್ಲಾ ಗೋಡೆಗೂ ಹಿಡಿಕೆ. ಸೂಪ್ ಮೇಲೆ ಬೆಳ್ಳಿ ಮುಚ್ಚಳ. ಮುಚ್ಚಳ ತೆಗೆಯೋಕೆ ಒಬ್ಬ, ತೆಗೆದ ಮುಚ್ಚಳ ಹಿಡಿಯೋಕೆ ಇನ್ನೊಬ್ಬ. ನಾನು ಕಿಟಕಿ ಪಕ್ಕ ಇಬ್ಬರದೇ ಟೇಬಲ್ ಹಿಡಿದಿದ್ದೆ. ಕ್ರೂಸ್ ಶಾಸ್ತ್ರದಲ್ಲಿ ಮೊದಲನೇ ಸೂತ್ರ: ಅಪರಿಚಿತರ ಜೊತೆ ಹಂಚಿಕೊಳೋ ಟೇಬಲ್ಲು ಸಾಕ್ಷಾತ್ ನರಕ. ವಾರ ಪೂರ್ತಿ ಅವೇ ಮುಖ, ಅವೇ ಮೊಮ್ಮಕ್ಕಳ ಫೋಟೋ.

ಅಜ್ಜಿ ತಿನ್ನೋದು ಬಿಟ್ಟು ಬೇರೆ ಟೇಬಲ್ಲುಗಳನ್ನೇ ನೋಡ್ತಿದ್ಲು.

ಏಪ್ರಿಲ್ 16, ಮಂಗಳವಾರ

ಅಪ್ಪನ ವಿಡಿಯೋ ಕಾಲ್. ನರ್ಸ್ ಅಕ್ಕ ಬಂದು ಅಜ್ಜಿಯ ಬಿಪಿ ನೋಡ್ತಿದ್ಲು. ಅಪ್ಪನ ಮುಖ ಅರಳಿಹೋಯ್ತು. "ಅರೆ, ಇದು ಪರವಾಗಿಲ್ವಲ್ಲೇ! ಇಲ್ಲಾದ್ರೆ ಅಮ್ಮನಿಗೂ ಆರಾಮು, ನಮಗೂ ನಿಶ್ಚಿಂತೆ. ನಿನಗೂ ಓದ್ಕೊಳೋಕೆ ರೂಮು ಸಿಗುತ್ತೆ."

ನಾನು ಕೆಲಸ ಹುಡುಕೋ ಕೆಲಸದಲ್ಲಿದ್ದೀನಿ, ಓದು ಮುಗಿದು ವರ್ಷ ಆಯ್ತು ಅನ್ನೋದು ಅವನಿಗೆ ನೆನಪಿಲ್ಲ. ಹೋಗ್ಲಿ. ಒಬ್ಬ ಮನುಷ್ಯ ಇಷ್ಟು ಬೇಗ ಒಪ್ಪಿಕೊಂಡ್ರೆ ಹೆಂಗೆ? ಹೆತ್ತ ತಾಯಿ ಅಲ್ವಾ? ಸ್ವಲ್ಪ ಹಟ ಮಾಡೋದಲ್ವಾ?

ಇವತ್ತಿಂದ ಸೂಕ್ಷ್ಮವಾಗಿ ಗಮನಿಸ್ತಿದ್ದೀನಿ. ದಿಂಬು ಅತಿ ಮೆತ್ತಗೆ, ಕತ್ತು ನೋವಿಗೆ ದಾರಿ. ಮೈನಸ್ ಅರ್ಧ. ಪಿಯಾನೋದವನು ಸುಮ್ಸುಮ್ನೆ ನಗ್ತಾನೆ. ಮೈನಸ್ ಅರ್ಧ. ಸೂಪಿನ ಬಿಸಿ ಅನುಮಾನ ಬರೋಷ್ಟು ಸರಿಯಾಗಿದೆ. ಮೈನಸ್ ಒಂದು.

ಏಪ್ರಿಲ್ 19, ಶುಕ್ರವಾರ

ಬಿಳಿ: ಐದಕ್ಕೆ ಒಂದೂಮುಕ್ಕಾಲು. ಗುಂಪಿಗೆ ಹಾಕಿದ ತಕ್ಷಣ ಅಡ್ಮಿನ್ (ಎಲ್ಲರೂ ಕ್ಯಾಪ್ಟನ್ ಅಂತಾರೆ, ಅಸಲಿಗೆ ಹಲ್ಲಿನ ಡಾಕ್ಟ್ರು) ಕೇಳಿದ, "ಡೆಕ್‌ರಾಣಿ, ಹೋದ ವರ್ಷ ನೀನೇ ಇದಕ್ಕೆ ಐದಕ್ಕೆ ಐದು ಕೊಟ್ಟಿದ್ದೆ?" ನಿಷ್ಠುರ ವಿಮರ್ಶಕರಿಗೆ ಇಂಥ ಕಷ್ಟ ಇದ್ದಿದ್ದೇ.

ಅಜ್ಜೀನ ಕೇಳಿದ್ರೆ, "ಚೊಕ್ಕವಾಗಿದೆ ಕಣೆ. ಆಸ್ಪತ್ರೇನೂ ಚೊಕ್ಕವಾಗೇ ಇರುತ್ತೆ" ಅಂದ್ಲು. ಅಬ್ಬಾ. ಬಿಳಿಗೆ ಕಾಲು ಮಾರ್ಕ್ಸು ವಾಪಸ್ ಕೊಟ್ಟೆ. ಸತ್ತ ಹಾವಿಗೆ ಹಾಲು ಎರೆದ್ರೆ ಏನು ನಷ್ಟ?

ಏಪ್ರಿಲ್ 22

ಮೇಜು ಬಂತು. ವಾಪಸ್ ಕಳಿಸಿದೆ. ಬಣ್ಣ ಸರಿ ಇಲ್ಲ.

ಏಪ್ರಿಲ್ 27, ಶನಿವಾರ

ಉಳಿದಿರೋದು ಹಳದಿಚಿಮಣಿ. ಮುದಿ ಹಡಗು, ನಮ್ಮ ಗುಂಪಲ್ಲಿ ಅದರ ಹೆಸರು ತೇಲೋ ಬಸ್‌ಸ್ಟ್ಯಾಂಡ್. ಅಲ್ಲಿ ರೂಮು ಬುಕ್ ಮಾಡೋ ಜವಾಬ್ದಾರಿ ನನ್ನದು, ಹಾಗಾಗಿ ಗುಂಪಲ್ಲಿ 'ಯಾವತ್ತೂ ತಗೋಬಾರದ ರೂಮುಗಳು' ಅನ್ನೋ ನನ್ನದೇ ಥ್ರೆಡ್ ತೆಗೆದು ಒಂದೊಂದಾಗಿ ಹುಡುಕಿದೆ. ಈಜುಕೊಳದ ಡೆಕ್ಕಿನ ಕೆಳಗೆ, ಬೆಳಗಾದ್ರೆ ತಲೆ ಮೇಲೆ ಕುರ್ಚಿ ಎಳೀತಾರೆ. ಸಿಕ್ತು. ಪಕ್ಕದಲ್ಲೇ ಲಿಫ್ಟು. ಸಿಕ್ತು. ಕಿಟಕಿ ಇಲ್ಲ. ಊಟಕ್ಕೆ ಎಂಟು ಜನ ಹಂಚಿಕೊಳೋ ಟೇಬಲ್ಲು. ಅದಕ್ಕೂ ಟಿಕ್ ಹಾಕಿದೆ.

ಯಾರೂ ತಪ್ಪು ತಿಳ್ಕೋಬಾರದು. ಉಳಿದ ಕಾಲ ಪೂರ್ತಿ ಇರೋ ಜಾಗ ಅಂದ್ಮೇಲೆ ಕೆಟ್ಟ ಪರಿಸ್ಥಿತೀಲಿ ಪರೀಕ್ಷೆ ಮಾಡೋದು ಶುದ್ಧ ವೈಜ್ಞಾನಿಕ ಪದ್ಧತಿ.

ಮೇ 18, ಶನಿವಾರ. ಹಳದಿಚಿಮಣಿ

ಕಾರ್ಪೆಟ್ಟಿಗೆ ನನ್ನ ಅಪ್ಪನ ವಯಸ್ಸು. ಆ್ಯಪ್ ಇಲ್ಲ. ದಿನದ ಕಾರ್ಯಕ್ರಮ ಕಾಗದದಲ್ಲಿ ಅಚ್ಚು ಹಾಕಿ ಬಾಗಿಲ ಸಂದಿಗೆ ಸಿಕ್ಕಿಸ್ತಾರೆ. ಮತ್ತೆ ಆ ಹಳೇ ಕಾಲದ ಡ್ರಿಲ್ಲು! ಎಲ್ಲರಿಗೂ ಕಿತ್ತಳೆ ಜಾಕೆಟ್ ಹಾಕಿಸಿ ಡೆಕ್ ಮೇಲೆ ಸಾಲಾಗಿ ನಿಲ್ಲಿಸಿದ್ರು. ಬಿಸಿಲು. ನಾನು ಖುಷಿಯಿಂದ ಮಾರ್ಕ್ಸು ಕಳೀತಿದ್ದೆ. ಪಕ್ಕಕ್ಕೆ ತಿರುಗಿದ್ರೆ ಅಜ್ಜಿ ಒಬ್ಬ ದಪ್ಪ ಬೇಕರಿಯವನ ಜಾಕೆಟ್ಟಿನ ದಾರ ಕಟ್ಟಿಕೊಡ್ತಿದ್ದಾಳೆ.

"ಮುಳುಗಿದ್ರೆ ನಮ್ಮ ಪಕ್ಕ ಇವರೇ ಅಂತೆ ಕಣೆ" ಅಂತ ನನಗೆ ಪರಿಚಯ ಮಾಡಿಸಿದ್ಲು.

"ನಾನು ತೇಲ್ತೀನಿ ಅಮ್ಮ, ನನ್ನೇ ಹಿಡ್ಕೊಳಿ" ಅಂದ ಬೇಕರಿಯವನು, ಹೊಟ್ಟೆ ತಟ್ಕೊಂಡು.

ಮೇ 20, ಸೋಮವಾರ

ಬೆಳಕು ಹರಿಯೋಕೆ ಮುಂಚೆ ತಲೆ ಮೇಲೆ ಕುರ್ಚಿ ದರದರ. ನನ್ನ ಥ್ರೆಡ್ಡು ಸುಳ್ಳು ಹೇಳಲ್ಲ. ಅಜ್ಜಿ ಕಂಪ್ಲೇಂಟ್ ಮಾಡ್ತಾಳೆ ಅಂತ ಕಾದೆ. ಅವಳು ಸೂರು ನೋಡ್ತಾ ಮಲಗಿ ನಗ್ತಿದ್ಲು.

"ಸದ್ದಿಗೆ ನಿದ್ದೆ ಬರ್ಲಿಲ್ವಾ ಅಜ್ಜಿ?" ಅಂದೆ, ಪಾಪ ಅನ್ನೋ ದನೀಲಿ.

"ಜನ ಎದ್ರು ಅಂತ ಗೊತ್ತಾಗುತ್ತಲ್ಲೇ, ಒಳ್ಳೇದು. ನಮ್ಮನೇಲಿ ಎಲ್ಲರೂ ಕಿವಿಗೆ ಸಿಕ್ಕಿಸ್ಕೊಂಡಿರ್ತೀರಿ. ಯಾರು ಎದ್ರು, ಯಾರು ಸತ್ರು, ಒಂದೂ ತಿಳಿಯಲ್ಲ."

ನಾನು ಇಯರ್‌ಫೋನ್ ತೆಗೆದು, "ಏನಂದೆ?" ಅಂದೆ. ಎರಡನೇ ಸಲ ಹೇಳಿದ್ಮೇಲೆ ಕೇಳಿಸ್ತು.

ಮೇ 21, ಮಂಗಳವಾರ

ಟೇಬಲ್ಲಿನ ವಿವರ. ಬೇಕರಿಯವನು. ಕೆಮ್ಮೋ ಟೀಚರಮ್ಮ. ಅಕ್ಕ ತಂಗಿ ಇಬ್ಬರು, ಒಬ್ಬಳು ಶುರು ಮಾಡಿದ ವಾಕ್ಯ ಇನ್ನೊಬ್ಬಳು ಮುಗಿಸ್ತಾಳೆ. ಆಮೇಲೆ ಹೊಸದಾಗಿ ಮದುವೆಯಾದ ಜೋಡಿ, ಬಂದ ದಿನದಿಂದ ಒಬ್ಬರಿಗೊಬ್ಬರು ಮಾತಿಲ್ಲ. ಯಾವುದೋ ಸೂಟ್‌ಕೇಸ್ ವಿಷಯಕ್ಕೆ ಜಗಳ. ನರಕಕ್ಕೆ ಬೇಕಾದ ಎಲ್ಲಾ ಸಾಮಗ್ರಿ ಇತ್ತು. ನಾನು ಮನಸ್ಸಲ್ಲೇ ಕೈ ಉಜ್ಜಿಕೊಂಡೆ.

ಅಜ್ಜಿ ಮೊದಲು ಆ ಹುಡುಗನ ಕಡೆ ತಿರುಗಿದ್ಲು. "ಏನಪ್ಪ, ನಿನ್ನ ಹೆಂಡ್ತಿಗೆ ಏನಾದ್ರೂ ಹೇಳೋದಿದ್ಯಾ?"

"ಇಲ್ಲ ಅಜ್ಜಿ."

"ಲೈನಲ್ಲಿರು." ಹುಡುಗಿ ಕಡೆ ತಿರುಗಿದ್ಲು. "ಅಮ್ಮಾ, ನಿನಗೊಂದು ಕಾಲ್ ಇದೆ. ಹುಡುಗ ಏನೂ ಹೇಳ್ತಿಲ್ಲ, ಉಸಿರಾಟ ಮಾತ್ರ ಕೇಳಿಸ್ತಿದೆ. ತಗೋತೀಯಾ?"

ಹುಡುಗಿ ಬ್ರೆಡ್ಡಿಗೆ ಬೆಣ್ಣೆ ಸವರ್ತಾ, "ಅವರಿಗೆ ಹೇಳಿ, ಸೂಟ್‌ಕೇಸು ಸಣ್ಣದು ಅಂತ ಮೊದಲೇ ನಾನು ಹೇಳಿದ್ದೆ" ಅಂದ್ಲು.

"ನೇರವಾಗೇ ಹೇಳಮ್ಮ, ಲೈನ್ ಕೊಟ್ಟಿದ್ದೀನಿ. ಬೇಗ ಮುಗಿಸಿ, ಹಿಂದೆ ಕ್ಯೂ ಇದೆ."

ಬೇಕರಿಯವನು ನಕ್ಕು ನಕ್ಕು ನೀರು ಚೆಲ್ಲಿದ. ಮೈನಸ್ ಅರ್ಧ, ಟೇಬಲ್ ಬಟ್ಟೆ ಒದ್ದೆ.

ಮೇ 23, ಗುರುವಾರ

ಅಜ್ಜಿಗೆ ಮಂಡಿ ನೋವು, ಮುಲಾಮು ಹಚ್ಚಿಕೊಂಡು ನಿಧಾನವಾಗಿ ಬರ್ತೀನಿ ಅಂದ್ಲು. ನಾನು ಮುಂಚೆ ಹೋದೆ. ಟೇಬಲ್ಲಲ್ಲಿ ಎಲ್ಲರೂ ಮೆನು ಮುಚ್ಚಿಟ್ಟು ಕೂತಿದ್ರು. ವೇಟರ್ ಎರಡು ಸಲ ಬಂದ, ಎರಡು ಸಲ ವಾಪಸ್ ಕಳಿಸಿದ್ರು.

"ತಗೊಳಿ, ಅವಳು ಬರ್ತಾಳೆ" ಅಂದೆ.

ಟೀಚರಮ್ಮ ನನ್ನನ್ನ ಕ್ಲಾಸಲ್ಲಿ ಮಾತಾಡಿದವಳ ಥರ ನೋಡಿದ್ರು. "ಅಜ್ಜಿ ಬರ್ಲಿ ಮಗು."

ಅಜ್ಜಿ ಬಂದು ಕೂರೋವರೆಗೂ ಬ್ರೆಡ್ ಬುಟ್ಟಿಗೂ ಒಬ್ಬರೂ ಕೈ ಹಾಕ್ಲಿಲ್ಲ. ಒಬ್ಬ ಮುದುಕಿಗೋಸ್ಕರ ಇಡೀ ಟೇಬಲ್ಲಿಗೆ ಊಟ ತಡ. ಇದಕ್ಕೆ ಸರ್ವಿಸ್ ಅಂತಾರಾ? ಮೈನಸ್ ಒಂದು.

ಆಮೇಲೆ ಆ ಒಂದನ್ನ ಹೊಡೆದುಹಾಕಿದೆ. ವೇಟರ್ ತಪ್ಪಲ್ವಲ್ಲ.

ಮೇ 24, ಶುಕ್ರವಾರ

ಕೊನೇ ಸಂಜೆ. ಡೆಕ್ ಮೇಲೆ ಕೂತು ನಾನು ಗುಂಪಿಗೆ ಫೋಟೋ ಹಾಕ್ತಿದ್ದೆ.

"ನಿನ್ನ ಗುಂಪಲ್ಲಿ ಎಷ್ಟು ಜನ?" ಅಂದ್ಲು ಅಜ್ಜಿ.

"ಹನ್ನೆರಡು ಸಾವಿರ."

"ಯಪ್ಪಾ! ನಮ್ಮ ಎಕ್ಸ್‌ಚೇಂಜಿಗಿಂತ ದೊಡ್ಡದು. ನೀನು ವಾಂತಿ ಮಾಡ್ಕೊಂಡಾಗ ಎಷ್ಟು ಜನ ಕೇಳಿದ್ರು?"

ಲೈಕು ನಾನೂರು ಬಂದಿತ್ತು ಅಂತ ಹೇಳೋಕೆ ಹೋಗಿ ಬಿಟ್ಟೆ. ಮಾತು ಬದಲಾಯಿಸಿದೆ. "ಅಜ್ಜಿ, ಆ ಬೇಕರಿಯವನು, ಟೀಚರಮ್ಮ, ಯಾರೂ ಮುಂದಿನ ವಾರ ಇರಲ್ಲ. ನಾಳೆ ಎಲ್ಲರೂ ಇಳಿದು ಹೋಗ್ತಾರೆ. ಆ ಟೇಬಲ್ಲಿಗೆ ಬೇರೆ ಯಾರೋ ಬರ್ತಾರೆ." ನನ್ನ ಬತ್ತಳಿಕೆಯಲ್ಲಿದ್ದ ಕೊನೇ ಬಾಣ ಅದು.

"ಗೊತ್ತು ಕಣೆ. ಎಕ್ಸ್‌ಚೇಂಜಲ್ಲಿ ಒಂದೇ ಕಾಲ್ ಎರಡು ಸಲ ಬರ್ತಿತ್ತಾ? ಒಂದು ಮುಗಿದ್ರೆ ಬೋರ್ಡಲ್ಲಿ ಇನ್ನೊಂದು ದೀಪ ಹತ್ತೋದು."

ಬಾಣ ಹೋಗಿ ಸಮುದ್ರಕ್ಕೆ ಬಿತ್ತು.

ಮೇ 26, ಭಾನುವಾರ

ತೀರ್ಪಿನ ದಿನ. ನೀಲಿ ಮೂರೂವರೆ, ಬಿಳಿ ಎರಡು, ಹಳದಿ ಎಲ್ಲಾ ಕಳೆದು ಕೂಡಿ ಸೊನ್ನೆಗಿಂತ ಸ್ವಲ್ಪ ಕೆಳಗೆ. 'ಮೂರೂ ಇರೋಕೆ ಲಾಯಕ್ಕಿಲ್ಲ' ಅನ್ನೋ ವಾಕ್ಯ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿಟ್ಟಿದ್ದೆ.

ಊಟಕ್ಕೆ ಕೂತ್ವಿ. ಅಜ್ಜಿ ಬಾಲ್ಕನೀಲಿ ಬಟ್ಟೆ ಒಣಗಿಸ್ತಿದ್ಲು. ಅಪ್ಪ ಫೋನ್ ನೋಡ್ತಾ ಶುರು ಮಾಡಿದ. ಅಮ್ಮ ಮೀಟಿಂಗ್ ಇದೆ ಅಂತ ಶುರು ಮಾಡಿದ್ಲು. ನನಗೆ ಹಸಿವು, ನಾನೂ ಶುರು ಮಾಡಿದೆ. ಅಜ್ಜಿ ಕೈ ಒರೆಸ್ಕೊಂಡು ಬಂದು ಕೂರೋ ಹೊತ್ತಿಗೆ ಅಪ್ಪ ಕೈ ತೊಳೀತಿದ್ದ. ಅವಳು ಪಾತ್ರೆ ತಳ ಕೆರೆದು ತಟ್ಟೆಗೆ ಹಾಕ್ಕೊಂಡ್ಲು. ದಿನಾ ಹಿಂಗೇ. ಏನೂ ವಿಶೇಷ ಇಲ್ಲ. ಆದ್ರೂ ನನ್ನ ಕೈಯಲ್ಲಿದ್ದ ತುತ್ತು ಯಾಕೋ ಅಲ್ಲೇ ನಿಂತುಬಿಡ್ತು.

"ಹ್ಞೂಂ, ಜಡ್ಜಮ್ಮ," ಅಪ್ಪ ಟವೆಲ್ಲಲ್ಲಿ ಬಾಯಿ ಒರೆಸ್ಕೋತಾ ಬಂದ. "ಒಂದೂ ಲಾಯಕ್ಕಿಲ್ಲ ತಾನೆ?"

"ಹಳದಿ" ಅಂದೆ.

ನಾನಲ್ಲ. ಬಾಯಿ.

"ಆ ಬಸ್‌ಸ್ಟ್ಯಾಂಡಾ?! ಅದಕ್ಕೆ ಸೊನ್ನೆ ಅಂದಿದ್ದೆ!"

"ಅಪ್ಪ, ಇದು ತಾಂತ್ರಿಕ ವಿಷಯ. ನಿಂಗೆ ಅರ್ಥ ಆಗಲ್ಲ."

ಅಪ್ಪ ಕುರ್ಚಿ ಎಳ್ಕೊಂಡು ಅಜ್ಜಿ ಎದುರು ಕೂತ. ಟವೆಲ್ಲು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಕೊನೆಗೆ, "ವರ್ಷಕ್ಕೊಂದ್ಸಲ ಆದ್ರೂ ಬರ್ತೀಯಾ ಅಮ್ಮ?" ಅಂದ. ಈಗ ನೆನಪಾಯ್ತು ಹೆತ್ತ ತಾಯಿ.

"ತಿಂಗಳಿಗೆರಡು ಶನಿವಾರ ಇದೇ ಬಂದರಿಗೆ ಬರುತ್ತೆ ಕಣೋ ಹಡಗು. ನೀನೇ ಮನೆಯಿಂದ ಇಳಿದು ದಡಕ್ಕೆ ಬಾ."

ಆಮೇಲೆ ರೂಮಲ್ಲಿ ಅಜ್ಜಿ ನನ್ನ ಕೆನ್ನೆ ಹಿಂಡಿದ್ಲು. "ಆ ಎಂಟು ಜನರ ಟೇಬಲ್ಲು ನೀನು ಬೇಕಂತಲೇ ಹಾಕಿಸಿದ್ದು ಅಲ್ವಾ? ಆ ಸದ್ದಿನ ರೂಮೂ? ನನಗೇನು ಬೇಕು ಅಂತ ಈ ಮನೇಲಿ ನಿನಗೊಬ್ಬಳಿಗೇ ಗೊತ್ತಾಗಿದ್ದು."

ಹ್ಞೂಂ ಅಂದೆ. ಇನ್ನೇನು ಅನ್ಲಿ?

ಜೂನ್ 30

ಅವಳ ಹಳೇ ರೇಡಿಯೋ ಸೂಟ್‌ಕೇಸಲ್ಲಿ ಹಿಡೀಲಿಲ್ಲ. ಇಲ್ಲೇ ಇರ್ಲಿ ಅಂದೆ. ಮಂಚ ಯಾರಿಗಾದ್ರೂ ಕೊಟ್ಬಿಡಣ ಅಂದ್ಲು ಅಮ್ಮ. ಮಂಚಾನೂ ಇರ್ಲಿ ಅಂದೆ. ಬಟ್ಟೆ ಮಡಚಿಡೋಕೆ ಜಾಗ ಬೇಕಾಗುತ್ತೆ.

ಜುಲೈ 6, ಶನಿವಾರ

ಬಿಟ್ಟುಬಂದ್ವಿ. ಹತ್ತೋ ಕ್ಯೂನಲ್ಲೇ ಅಜ್ಜಿ ಮುಂದಿದ್ದ ಹೆಂಗಸಿನ ಮೂರು ಹೆರಿಗೆಯ ಕಥೆ ಕೇಳಿ ಮುಗಿಸಿದ್ಲು. ಅಪ್ಪ ಕಣ್ಣಿಗೆ ಧೂಳು ಬಿತ್ತು ಅಂತ ಮೂರು ಸಲ ಹೇಳಿದ. ನೆಲ ಪೂರ್ತಿ ಒದ್ದೆ ಇತ್ತು, ಧೂಳೆಲ್ಲಿಂದ ಬಂತೋ.

ದಡದಲ್ಲಿ ನನ್ನ ಮಾಮೂಲಿ ಜಾಗ ಹಿಡಿದು ನಿಂತೆ. ಅಜ್ಜಿ ಎಂಟನೇ ಡೆಕ್ ಕಂಬಿ ಹತ್ತಿರ ಬಂದ್ಲು, ಕಿತ್ತಳೆ ಜಾಕೆಟ್ಟು ಇನ್ನೂ ಬಿಚ್ಚಿರಲಿಲ್ಲ. ಪಕ್ಕದಲ್ಲಿ ಯಾರೋ ಉದ್ದದ ಮುದುಕ. ಅವನಿಗೆ ನನ್ನ ಕಡೆ ಬೆರಳು ತೋರಿಸಿ ಏನೋ ಹೇಳ್ತಿದ್ಲು. ಆಮೇಲೆ ಇಬ್ಬರೂ ಕೈ ಎತ್ತಿದ್ರು. ಹಾರ್ನ್ ಹೊಡೀತು, ಉದ್ದಕ್ಕೆ, ಎದೆ ಒಳಗೆ ನಡುಗೋ ಹಾಗೆ. ನಾನು ಕೇಳಿದ್ದರಲ್ಲೇ ಅತ್ಯುತ್ತಮ ಹಾರ್ನು.

ಮನೆಗೆ ಬಂದು ನೋಡಿದ್ರೆ ಗುಂಪಲ್ಲಿ ಕ್ಯಾಪ್ಟನ್ ಕೇಳಿದ್ದ: "ಡೆಕ್‌ರಾಣಿ, ಇವತ್ತಿನ ಹಳದಿ ಹಾರ್ನ್ ವಿಡಿಯೋ ಎಲ್ಲಿ? ಎಲ್ಲರೂ ಕಾಯ್ತಿದ್ದಾರೆ."

ಕೈ ಖಾಲಿ ಇರ್ಲಿಲ್ಲ ಅಂತ ಬರೆದೆ. ಎರಡೂ.